ಶ್ರಾವಕನ ಆಯುಧವೂ ಅಪ್ರಮಾದವೂ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಗೃಹಸ್ಥನು ಆತ್ಮರಕ್ಷಣೆಗಾಗಿ ಆಯುಧವನ್ನು ಇಟ್ಟುಕೊಳ್ಳಬಹುದೇ ಎಂಬುದು ಹಳೆಯ ಪ್ರಶ್ನೆ. ಇಟ್ಟುಕೊಳ್ಳುವುದಾದರೆ ಸಮಯಕ್ಕೆ ಕೈಕೊಡದ ಆಯುಧ ಯಾವುದು ಎಂಬುದು ಹೊಸ ಪ್ರಶ್ನೆ. ಚಿನ್ನ ಬೆಳ್ಳಿಯ ವ್ಯಾಪಾರಿಗಳು, ದಿನದ ವಸೂಲಿಯನ್ನು ರಾತ್ರಿ ಮನೆಗೆ ಒಯ್ಯಬೇಕಾದ ಸಗಟು ವರ್ತಕರು, ಪ್ರಾಚೀನ ಜಿನಬಿಂಬಗಳ ಹೊಣೆ ಹೊತ್ತ ಬಸದಿಗಳ ಧರ್ಮದರ್ಶಿಗಳು ಈ ಎರಡನೆಯ ಪ್ರಶ್ನೆಯನ್ನೇ ಹೆಚ್ಚಾಗಿ ಕೇಳುವುದುಂಟು. ಮೊದಲನೆಯದು ಧರ್ಮಶಾಸ್ತ್ರಕ್ಕೆ ಸೇರಿದ್ದು, ಎರಡನೆಯದು ಯಂತ್ರಶಾಸ್ತ್ರಕ್ಕೆ ಸೇರಿದ್ದು ಎಂದು ಬೇರ್ಪಡಿಸಿ ನೋಡುವುದು ರೂಢಿ. ಆದರೆ ವಿಚಾರ ಮಾಡಿದರೆ ಅವು ಎರಡಲ್ಲ. ಅಂಗಿಯೊಳಗೆ ಅಡಗಿಸಿ ಒಯ್ಯುವ ಪಿಸ್ತೂಲು ನಂಬಿಕೆಗೆ ಅರ್ಹವೇ ಎಂದು ಕೇಳುವವನು, ಅದನ್ನು ಒಯ್ಯುವ ತಾನು ನಂಬಿಕೆಗೆ ಅರ್ಹನೇ ಎಂಬ ಪ್ರಶ್ನೆಗೆ ಬಂದೇ ಬರಬೇಕಾಗುತ್ತದೆ.

ಜೈನಾಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪಿ. ಅಡಿಗೆ, ಮನೆಗೆಲಸಗಳಲ್ಲಿ ಒದಗುವುದು ಆರಂಭಿ. ಜೀವನೋಪಾಯದಲ್ಲಿ ಒದಗುವುದು ಉದ್ಯೋಗಿ. ತನ್ನನ್ನೋ ತನ್ನವರನ್ನೋ ಆಕ್ರಮಣದಿಂದ ಕಾಪಾಡುವಾಗ ಒದಗುವುದು ವಿರೋಧಿ. ಮಹಾವ್ರತಿಗಳಾದ ಮುನಿಗಳು ನಾಲ್ಕನ್ನೂ ತ್ಯಜಿಸುತ್ತಾರೆ. ಅಣುವ್ರತಿಯಾದ ಗೃಹಸ್ಥನಿಗೆ ಸಂಕಲ್ಪಿಯು ಸರ್ವಥಾ ತ್ಯಾಜ್ಯ. ಉಳಿದ ಮೂರರಲ್ಲಿ ಯತ್ನಾಚಾರದಿಂದ ನಡೆದು, ಆದಷ್ಟು ಕಡಿಮೆ ಮಾಡಿಕೊಳ್ಳಬೇಕೆಂಬುದು ವಿಧಿ. ವಿರೋಧಿ ಹಿಂಸೆಯೂ ಹಿಂಸೆಯೇ. ಅದಕ್ಕೆ ಇರುವುದು ರಿಯಾಯಿತಿಯೇ ಹೊರತು ಪ್ರಶಂಸೆಯಲ್ಲ.

ಈ ಮಾತಿಗೆ ಎದುರಾಗಿ ಕರ್ಣಾಟಕದ ಜೈನವೀರರನ್ನು ಉದಾಹರಿಸುವವರಿದ್ದಾರೆ. ಗಂಗರ ದಂಡನಾಯಕ ಚಾವುಂಡರಾಯನು ಸಮರಪರಶುರಾಮನೆಂಬ ಬಿರುದನ್ನು ಹೊತ್ತವನು. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದವನೂ ಅವನೇ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಪರಮ ಜಿನಭಕ್ತ. ಈ ಉದಾಹರಣೆಗಳು ಸತ್ಯ. ಆದರೆ ಅವು ಬೇರೊಂದು ಪಾಠವನ್ನು ಹೇಳುತ್ತವೆ. ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಬೋಧಿಸಿದನೆಂದು ಪುರಾಣ ಹೇಳುತ್ತದೆ. ಅಸಿಯು ಮೊದಲ ಕರ್ಮ, ವಾಣಿಜ್ಯವು ಐದನೆಯದು. ಚಾವುಂಡರಾಯನಿಗೆ ಖಡ್ಗವು ಅಭ್ಯಾಸದಿಂದ ಬಂದ ವೃತ್ತಿ, ರಾಜ್ಯವು ಒಪ್ಪಿಸಿದ ಹೊಣೆ. ಹಗಲೆಲ್ಲ ತಕ್ಕಡಿ ಹಿಡಿದು, ವರ್ಷಕ್ಕೊಮ್ಮೆಯೂ ಗುರಿ ಅಭ್ಯಾಸ ಮಾಡದೆ, ಸೊಂಟದಲ್ಲಿ ಪಿಸ್ತೂಲನ್ನು ಸಿಕ್ಕಿಸಿಕೊಳ್ಳುವ ವರ್ತಕನು ಚಾವುಂಡರಾಯನ ಹೆಸರನ್ನು ಆಸರೆಯಾಗಿ ಹಿಡಿಯುವುದು ಉಚಿತವಲ್ಲ. ಆ ವೀರನ ಅನುಮತಿಯನ್ನು ಮಾತ್ರ ಪಡೆದು ಅವನ ಶಿಸ್ತನ್ನು ಬಿಟ್ಟುಬಿಡುವುದು ಲೆಕ್ಕದ ಪುಸ್ತಕದಲ್ಲಿ ಜಮಾ ಬರೆದು ಖರ್ಚನ್ನು ಮರೆಮಾಚಿದಂತೆ.

ಇನ್ನು ಯಂತ್ರದ ಸಂಗತಿ. ಅರೆ ಸ್ವಯಂಚಾಲಿತ ಪಿಸ್ತೂಲು ರಿವಾಲ್ವರಿನಂತೆ ಸರಳವಲ್ಲ. ರಿವಾಲ್ವರಿನಲ್ಲಿ ಒಂದು ಕಾಡತೂಸು ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರನ್ನು ಎಳೆದಾಗ ಉರುಳೆಯು ತಿರುಗಿ ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಹಾಗಲ್ಲ. ಗುಂಡು ಹಾರಿದ ಬಲದಿಂದ ಮೇಲ್ಭಾಗದ ಸ್ಲೈಡು ಹಿಂದಕ್ಕೆ ಸರಿಯಬೇಕು. ಒಂದು ಕೊಕ್ಕೆಯು ಖಾಲಿಯಾದ ಹಿತ್ತಾಳೆಯ ಕವಚವನ್ನು ನಳಿಗೆಯಿಂದ ಹೊರಗೆಳೆಯಬೇಕು. ಅದು ಪಕ್ಕಕ್ಕೆ ಚಿಮ್ಮಬೇಕು. ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ತಳ್ಳಬೇಕು. ಹಾಗೆ ಬರುವಾಗ ಅದು ಮ್ಯಾಗಜೀನಿನ ಮೇಲ್ತುದಿಯ ಕಾಡತೂಸನ್ನು ನಳಿಗೆಯೊಳಕ್ಕೆ ಸೇರಿಸಬೇಕು. ಇವೆಲ್ಲವೂ ಕಣ್ಣೆವೆ ಮುಚ್ಚುವುದರೊಳಗೆ ನಡೆಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪಿಸ್ತೂಲು ನಿಂತುಹೋಗುತ್ತದೆ. ಅದನ್ನು ಮತ್ತೆ ನಡೆಸಲು ಸಾಮಾನ್ಯವಾಗಿ ಎರಡು ಕೈಗಳೂ, ಅಭ್ಯಾಸವೂ, ಕೆಲವು ಕ್ಷಣಗಳೂ ಬೇಕು. ಆಕ್ರಮಣಕ್ಕೆ ಒಳಗಾದವನ ಬಳಿ ಈ ಮೂರೂ ಇರುವುದು ವಿರಳ.

ಅಡಗಿಸಿ ಒಯ್ಯಲು ಅನುಕೂಲವಾಗಲೆಂದು ಪಿಸ್ತೂಲನ್ನು ಚಿಕ್ಕದು ಮಾಡಿದಷ್ಟೂ ಈ ತೊಡಕು ಹೆಚ್ಚುವ ಸಂಭವವಿದೆ. ಸ್ಲೈಡು ಹಗುರವಾಗುತ್ತದೆ, ಅದು ಚಲಿಸುವ ಅಂತರ ಕಿರಿದಾಗುತ್ತದೆ, ಸ್ಪ್ರಿಂಗು ಬಿಗಿಯಾಗುತ್ತದೆ. ಹಿಡಿಯುವವನ ಮಣಿಕಟ್ಟು ಸಡಿಲವಾಗಿದ್ದರೆ ಸ್ಲೈಡು ಪೂರ್ತಿ ಹಿಂದಕ್ಕೆ ಹೋಗದೆ ಖಾಲಿ ಕವಚವು ಅರ್ಧದಲ್ಲಿ ಸಿಕ್ಕಿಕೊಳ್ಳಬಹುದು. ಜೇಬಿನ ನೂಲು ಧೂಳು ಒಳಸೇರುತ್ತದೆ. ಮೈಬೆವರಿನಿಂದ ತುಕ್ಕು ಹಿಡಿಯುತ್ತದೆ. ಮ್ಯಾಗಜೀನಿನ ಅಂಚು ಸ್ವಲ್ಪ ಬಾಗಿದರೂ ಕಾಡತೂಸು ಓರೆಯಾಗುತ್ತದೆ. ಭಾರತದಲ್ಲಿ ಪರವಾನಗಿ ಪಡೆದ ನಾಗರಿಕರು ಹೆಚ್ಚಾಗಿ ಇಟ್ಟುಕೊಳ್ಳುವ 0.32 ಅಂಗುಲದ ಪಿಸ್ತೂಲಿನ ಕಾಡತೂಸು ಅಮೆರಿಕದ ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ್ದು. ಅದರ ಬುಡದಲ್ಲಿ ಮೈಗಿಂತ ತುಸು ಅಗಲವಾದ ಅಂಚೊಂದಿದೆ. ಮ್ಯಾಗಜೀನಿನಲ್ಲಿ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಸರಿದರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಲ್ಲುತ್ತವೆ. ಕೂದಲೆಳೆಯಷ್ಟು ಲೋಹವು ಪ್ರಾಣದ ಪ್ರಶ್ನೆಯನ್ನು ನಿರ್ಣಯಿಸಬಹುದು.

ಈ ದೇಶದ ಪರಿಸ್ಥಿತಿಯು ತೊಡಕನ್ನು ಇನ್ನಷ್ಟು ಹೆಚ್ಚಿಸಿದೆ. 1959ರ ಆಯುಧ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು, ಪಿಸ್ತೂಲುಗಳನ್ನು ಇಟ್ಟುಕೊಳ್ಳುವಂತಿಲ್ಲ. 9 ಮಿಲಿಮೀಟರಿನಂಥ ಅಳತೆಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. 2019ರ ತಿದ್ದುಪಡಿಯು ಒಬ್ಬ ಪರವಾನಗಿದಾರನು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಿದೇಶೀ ಪಿಸ್ತೂಲುಗಳ ಖಾಸಗಿ ಆಮದು 1980ರ ದಶಕದಲ್ಲಿಯೇ ನಿಂತುದರಿಂದ, ಅದಕ್ಕೂ ಹಿಂದೆ ಬಂದ ಹಳೆಯ ಪಿಸ್ತೂಲುಗಳು ಕೈಯಿಂದ ಕೈಗೆ ದಾಟಿ ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಹೆಸರು ದೊಡ್ಡದು, ಬೆಲೆ ದೊಡ್ಡದು. ಸ್ಪ್ರಿಂಗು ಮಾತ್ರ ಅಜ್ಜನ ಕಾಲದ್ದು. ಬಿಡಿಭಾಗ ಸಿಗುವುದಿಲ್ಲ. ಕೆಲವು ಹಳೆಯ ಮಾದರಿಗಳು ಕೈಜಾರಿ ನೆಲಕ್ಕೆ ಬಿದ್ದರೆ ತಾನಾಗಿ ಸಿಡಿಯುವ ಅಪಾಯವನ್ನೂ ಒಳಗೊಂಡಿವೆ. ಕಾಡತೂಸುಗಳ ಸಂಖ್ಯೆಗೆ ಪರವಾನಗಿಯಲ್ಲಿ ಮಿತಿಯಿರುವುದರಿಂದ, ನೂರಾರು ಗುಂಡುಗಳನ್ನು ಹಾರಿಸಿ ಪರೀಕ್ಷಿಸುವುದು ಸಾಧ್ಯವಾಗದು. ಚುನಾವಣೆಯ ಕಾಲದಲ್ಲಿ ಆಯುಧವನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶವೂ ಬರುವುದುಂಟು. ಹೀಗಾಗಿ ಅನೇಕ ಪರವಾನಗಿದಾರರು, ಎಂದೂ ಹಾರಿಸದ ಪಿಸ್ತೂಲಿನಲ್ಲಿ ಎಂದೋ ಕೊಂಡ ಕಾಡತೂಸನ್ನು ತುಂಬಿಕೊಂಡು ಧೈರ್ಯದಿಂದಿರುತ್ತಾರೆ. ಒರೆಗಲ್ಲಿಗೆ ಹಚ್ಚದೆ ಚಿನ್ನವನ್ನು ಕೊಳ್ಳದ ವರ್ತಕನು ಪ್ರಾಣದ ವಿಷಯದಲ್ಲಿ ಮಾತ್ರ ಪರೀಕ್ಷೆಯಿಲ್ಲದೆ ನಂಬುವುದು ವಿಚಿತ್ರ.

ಆಯುಧವನ್ನು ಅಡಗಿಸಿ ಒಯ್ಯುವ ರೂಢಿ ಹೆಚ್ಚು ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2022ರ ಜೂನ್ ತಿಂಗಳಿನಲ್ಲಿ ನ್ಯೂಯಾರ್ಕ್ ರಾಜ್ಯದ ಮೊಕದ್ದಮೆಯೊಂದರಲ್ಲಿ, ಮನೆಯ ಹೊರಗೂ ಆತ್ಮರಕ್ಷಣೆಗಾಗಿ ಕೈಬಂದೂಕನ್ನು ಒಯ್ಯುವುದು ಸಂವಿಧಾನದತ್ತ ಹಕ್ಕೆಂದು ತೀರ್ಪಿತ್ತಿತು. ಅಲ್ಲಿ ನೆಲೆಸಿ ಅಂಗಡಿ, ವಸತಿಗೃಹಗಳನ್ನು ನಡೆಸುವ ಜೈನ ಕುಟುಂಬಗಳಿಗೂ ಈ ಪ್ರಶ್ನೆ ದೂರದ್ದಲ್ಲ. ಆ ದೇಶದಲ್ಲಿ ಉತ್ತಮ ಪಿಸ್ತೂಲೂ ಹೊಸ ಕಾಡತೂಸೂ ಹೇರಳ. ನೂರಾರು ಗುಂಡುಗಳನ್ನು ತಡೆಯಿಲ್ಲದೆ ಹಾರಿಸಿದ ಬಳಿಕವೇ ಒಂದು ಪಿಸ್ತೂಲನ್ನು ನಂಬಬೇಕೆಂದು ತಿಳಿದವರು ಹೇಳುತ್ತಾರೆ. ಹಾಗಾದರೆ ಅಲ್ಲಿ ಪ್ರಶ್ನೆಯು ಪರಿಹಾರವಾಯಿತೇ?

2014ರ ಡಿಸೆಂಬರ್ 30ರಂದು ಐಡಹೊ ರಾಜ್ಯದ ಹೇಡನ್ ಎಂಬ ಊರಿನ ದೊಡ್ಡ ಅಂಗಡಿಯೊಂದರಲ್ಲಿ ನಡೆದ ಘಟನೆಯು ಇದಕ್ಕೆ ಉತ್ತರ. ಇಪ್ಪತ್ತೊಂಬತ್ತು ವರ್ಷದ ವಿಜ್ಞಾನಿ ಮಹಿಳೆಯೊಬ್ಬರು ಎರಡು ವರ್ಷದ ಮಗನನ್ನು ಸಾಮಾನಿನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಅವರಲ್ಲಿ ಪರವಾನಗಿಯಿತ್ತು, ಪಿಸ್ತೂಲನ್ನು ಇಡಲೆಂದೇ ಮಾಡಿದ, ಪ್ರತ್ಯೇಕ ಜೇಬುಳ್ಳ ಕೈಚೀಲವಿತ್ತು. ಮಗು ಆ ಚೀಲದೊಳಗೆ ಕೈಹಾಕಿತು. ಗುಂಡು ಹಾರಿ ತಾಯಿ ಅಲ್ಲಿಯೇ ಅಸುನೀಗಿದರು. ಈ ದುರಂತದಲ್ಲಿ ಯಂತ್ರವು ಒಂದಿನಿತೂ ತಪ್ಪಲಿಲ್ಲ. ಅದು ಕೈಕೊಡಲಿಲ್ಲ, ಸಿಕ್ಕಿಕೊಳ್ಳಲಿಲ್ಲ. ಎಳೆದಾಗ ಹಾರಬೇಕೆಂಬ ತನ್ನ ಧರ್ಮವನ್ನು ಅದು ಪೂರ್ಣವಾಗಿ ಪಾಲಿಸಿತು. ಎಳೆದವರು ಯಾರು, ಎದುರಿಗಿರುವವರು ಯಾರು ಎಂದು ಕೇಳುವುದು ಅದರ ಧರ್ಮವಲ್ಲ. ಆ ತಾಯಿಯು ಅಸಡ್ಡೆಯವರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಎಚ್ಚರವುಳ್ಳವರ ಬಾಳಿನಲ್ಲಿಯೂ ಎಚ್ಚರ ತಪ್ಪುವ ಒಂದು ಕ್ಷಣವಿರುತ್ತದೆ ಎಂಬುದಷ್ಟೇ ಇದರಿಂದ ತಿಳಿಯಬೇಕಾದುದು.

ಆದುದರಿಂದ ಪಿಸ್ತೂಲಿಗೆ ಎರಡು ಬಗೆಯ ತಪ್ಪುಗಳುಂಟು. ಹಾರಬೇಕಾದಾಗ ಹಾರದಿರುವುದು ಒಂದು. ಹಾರಬಾರದಾಗ ಹಾರುವುದು ಇನ್ನೊಂದು. ಮೊದಲನೆಯದನ್ನು ತಗ್ಗಿಸಲು ನಳಿಗೆಯಲ್ಲಿ ಕಾಡತೂಸನ್ನು ತುಂಬಿಯೇ ಇಟ್ಟುಕೊಂಡರೆ ಎರಡನೆಯದರ ಅಪಾಯ ಏರುತ್ತದೆ. ನಳಿಗೆಯನ್ನು ಬರಿದಾಗಿಟ್ಟು ಎರಡನೆಯದನ್ನು ತಗ್ಗಿಸಿದರೆ ಮೊದಲನೆಯದರ ಅಪಾಯ ಏರುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ ಇವು ಏರಿಳಿಯುತ್ತವೆ. ಒಳ್ಳೆಯ ಯಂತ್ರವು ಈ ಎರಡೂ ಅಪಾಯಗಳನ್ನು ಸ್ವಲ್ಪಮಟ್ಟಿಗೆ ಕಡಿಮೆ ಮಾಡಬಲ್ಲುದು. ಪೂರ್ತಿಯಾಗಿ ನೀಗಲಾರದು, ಉಳಿದುದನ್ನು ತುಂಬಬೇಕಾದುದು ಹಿಡಿದವನ ಅಪ್ರಮಾದ. ಆಕ್ರಮಣದ ದಿನ ಬಾಳಿನಲ್ಲಿ ಒಂದು ಬರಬಹುದು, ಬಾರದೆಯೂ ಇರಬಹುದು. ಆದರೆ ಆಯುಧವು ಮನೆಯಲ್ಲಿ, ಮೈಮೇಲೆ ಇರುವುದು ಪ್ರತಿದಿನ. ಒಂದು ದಿನದ ಲಾಭದ ನಿರೀಕ್ಷೆಗೆ ಎಲ್ಲ ದಿನಗಳ ಅಪಾಯವನ್ನು ಬಂಡವಾಳವಾಗಿ ಹೂಡುವ ವ್ಯಾಪಾರವಿದು.

ಇಲ್ಲಿ ಆಚಾರ್ಯರ ದೃಷ್ಟಿಯು ಎಷ್ಟು ಸೂಕ್ಷ್ಮವೆಂಬುದು ಗೋಚರವಾಗುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣವನ್ನಷ್ಟೇ ಹೇಳದೆ, ಅದಕ್ಕೆ ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರವೇ ಕಾರಣವೆಂದು ಸೇರಿಸುತ್ತದೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಮುಂದೆ ಹೋಗಿ, ಹಿಂಸೆಯನ್ನು ಮಾಡದೆಯೇ ಅದರ ಫಲಕ್ಕೆ ಪಾತ್ರನಾಗುವವನೂ ಇದ್ದಾನೆ, ಹಿಂಸೆಯು ಘಟಿಸಿದರೂ ಅದರ ಫಲಕ್ಕೆ ಪಾತ್ರನಾಗದವನೂ ಇದ್ದಾನೆ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸುತ್ತಾರೆ. ಇದನ್ನು ಪಿಸ್ತೂಲಿಗೆ ಅನ್ವಯಿಸಿದರೆ, ರೋಷದಿಂದ ಗುರಿಯಿಟ್ಟವನ ಕಾಡತೂಸು ಸಿಡಿಯದೆ ಹೋದರೆ ಅವನ ಎದುರಾಳಿ ಬದುಕಿಕೊಂಡನು. ಗುರಿಯಿಟ್ಟವನು ಮಾತ್ರ ಕರ್ಮಬಂಧದಿಂದ ಪಾರಾಗಲಿಲ್ಲ. ಹಾರದ ಗುಂಡು ದ್ರವ್ಯಹಿಂಸೆಯನ್ನು ತಪ್ಪಿಸಬಹುದು. ಭಾವಹಿಂಸೆಯು ಅದಕ್ಕೆ ಮೊದಲೇ ನಡೆದುಹೋಗಿರುತ್ತದೆ.

ಭರತ ಬಾಹುಬಲಿಗಳ ಕಥೆಯನ್ನು ಈ ಬೆಳಕಿನಲ್ಲಿ ನೋಡಬೇಕು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಸೋತ ಭರತನು ಕ್ರೋಧದಿಂದ ತಮ್ಮನ ಮೇಲೆ ಚಕ್ರರತ್ನವನ್ನು ಪ್ರಯೋಗಿಸಿದನು. ಷಟ್ಖಂಡವನ್ನು ಗೆದ್ದುಕೊಟ್ಟ, ಎಂದೂ ತಪ್ಪದ ಆಯುಧವದು. ಅದು ಬಾಹುಬಲಿಯನ್ನು ಬಲಗೊಂಡು ಕಾಂತಿಗುಂದಿ ಅವನ ಬಳಿ ನಿಂತಿತು. ಆಯುಧದ ವಿಶ್ವಾಸಾರ್ಹತೆಯಲ್ಲಿ ಭರತನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಆ ಕ್ಷಣದಲ್ಲಿ ವಿಶ್ವಾಸಕ್ಕೆ ಅರ್ಹವಾಗದೆ ಹೋದದ್ದು ಅವನ ಮನಸ್ಸು. ದೇವತೆಗಳು ಕಾಯುವ ಚಕ್ರಕ್ಕೆ ಬಂಧು ಯಾರೆಂಬ ವಿವೇಕವಿತ್ತು. ಕಾರ್ಖಾನೆಯಲ್ಲಿ ಮಾಡಿದ ಪಿಸ್ತೂಲಿಗೆ ಅದಿಲ್ಲ. ಆದ್ದರಿಂದ ಪಿಸ್ತೂಲು ಹಿಡಿದವನಲ್ಲಿ ಭರತನಿಗಿಂತ ಹೆಚ್ಚಿನ ಸಂಯಮವಿರಬೇಕಾಗುತ್ತದೆ.

ಅಡಗಿಸಿ ಒಯ್ಯುವುದರಲ್ಲಿ ಇನ್ನೊಂದು ಸಂಗತಿಯಿದೆ. ವ್ರತಿಯಾದವನು ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನಾಗಿರಬೇಕು. ಶಲ್ಯವೆಂದರೆ ಮೈಯೊಳಗೆ ಹೊಕ್ಕ ಮುಳ್ಳು. ಆಯುಧವನ್ನು ಬಹಿರಂಗವಾಗಿ ಮೆರೆಸುವುದು ಮದವನ್ನು ಬೆಳೆಸುತ್ತದೆ, ಕಂಡವರನ್ನು ಹೆದರಿಸುತ್ತದೆ. ಆದ್ದರಿಂದಲೇ ಕಾನೂನು ಕೂಡ ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸಗೊಡುವುದಿಲ್ಲ. ಅಡಗಿಸುವುದು ತಾನಾಗಿ ಮಾಯಾಚಾರವಲ್ಲ ಎಂಬ ಸಮಾಧಾನ ಒಪ್ಪತಕ್ಕದ್ದೇ. ಆದರೂ ಸೊಂಟದ ಭಾರವು ಮನಸ್ಸಿಗೆ ತಾಗದೆ ಇರುವುದಿಲ್ಲ. ಎದುರು ಬರುವ ಪ್ರತಿಯೊಬ್ಬನನ್ನೂ ಶತ್ರುವೋ ಎಂದು ಅಳೆಯುವ ಅಭ್ಯಾಸ ಬೆಳೆದರೆ, ಸಕಲ ಜೀವಿಗಳಲ್ಲಿ ಮೈತ್ರಿಯನ್ನು ಭಾವಿಸಬೇಕಾದ ಶ್ರಾವಕನೊಳಗೆ ಮುಳ್ಳು ಹೊಕ್ಕಂತೆಯೇ. ಜಗಳವಾದಾಗ ಮೊದಲು ತಗ್ಗುವ ಗುಣವು ಆಯುಧ ಬಂದ ಮೇಲೆ ಹೆಚ್ಚಿತೋ ಕಡಿಮೆಯಾಯಿತೋ ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು. ಕಡಿಮೆಯಾಗಿದ್ದರೆ ಆ ಆಯುಧವು ಎಷ್ಟೇ ಒಳ್ಳೆಯ ಯಂತ್ರವಾಗಿದ್ದರೂ ಅವನ ಪಾಲಿಗೆ ಕೆಟ್ಟದ್ದೇ.

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ವಿಶೇಷವಾಗಿ ಯೋಚಿಸಬೇಕು. 2013ರ ಜುಲೈ ತಿಂಗಳಿನಲ್ಲಿ ಮೂಡುಬಿದಿರೆಯ ಸಿದ್ಧಾಂತ ಮಂದಿರದಿಂದ ಅಮೂಲ್ಯ ಜಿನಬಿಂಬಗಳು ಕಳವಾದಾಗ ಸಮಾಜವು ತಲ್ಲಣಿಸಿತು. ಅನಂತರ ಪೊಲೀಸರು ಹಲವು ಬಿಂಬಗಳನ್ನು ಪತ್ತೆಮಾಡಿದರು. 2023ರ ಜುಲೈಯಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾದಾಗ, ರಕ್ಷಣೆಗೆ ಆಯುಧ ಬೇಕೆಂಬ ಮಾತು ಎಷ್ಟೋ ಮನಸ್ಸುಗಳಲ್ಲಿ ಮೂಡಿದ್ದು ಸಹಜ. ಆದರೆ ಬಂಧಿತರಲ್ಲಿ ಮಹಾರಾಜರಿಗೆ ಪರಿಚಿತನಾದವನೇ ಇದ್ದನು. ಪರಿಚಿತನಾಗಿ ಬರುವವನನ್ನು ಬಾಗಿಲ ಬಳಿಯ ಪಿಸ್ತೂಲು ತಡೆಯಲಾರದು. ಕಳವನ್ನು ತಡೆಯುವುದು ಗಟ್ಟಿ ಬಾಗಿಲು, ಕ್ಯಾಮೆರಾ, ಎಚ್ಚರಿಕೆಯ ಗಂಟೆ, ಬಿಂಬಗಳ ಛಾಯಾಚಿತ್ರ ಸಹಿತವಾದ ದಾಖಲೆ, ಬೀಗದ ಕೈ ಯಾರ ವಶದಲ್ಲಿದೆ ಎಂಬ ಖಚಿತ ಲೆಕ್ಕ.

ಇಷ್ಟಾದರೂ ಶಸ್ತ್ರಧಾರಿ ಕಾವಲುಗಾರನು ಬೇಕೇ ಬೇಕೆಂದು ನಿಶ್ಚಯಿಸಿದರೆ, ಆ ಮಂಡಳಿಯು ಒಂದು ಮಾತನ್ನು ನೆನಪಿಡಬೇಕು. ಕರ್ಮಾಸ್ರವಕ್ಕೆ ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ದ್ವಾರಗಳಿವೆ. ಅಲ್ಪ ಸಂಬಳದ ಕಾವಲುಗಾರನ ಕೈಗೆ ಹಳೆಯ ಆಯುಧವೊಂದನ್ನು ಕೊಟ್ಟು ಧರ್ಮದರ್ಶಿಗಳು ನಿಶ್ಚಿಂತೆಯಿಂದ ನಿದ್ರಿಸಿದರೆ ಹಿಂಸೆಯು ಅವನ ಲೆಕ್ಕಕ್ಕೆ ಮಾತ್ರ ಬರೆಯಲ್ಪಡುವುದಿಲ್ಲ. ಆಯುಧವು ಕೈಕೊಟ್ಟರೆ ಸಾಯುವವನು ಅವನು. ಹಾರಿದರೆ ನ್ಯಾಯಾಲಯದ ಮೆಟ್ಟಿಲು ಹತ್ತುವವನೂ ಅವನು. ಆದುದರಿಂದ ಪರೀಕ್ಷಿತವಾದ ಆಯುಧ, ಕ್ರಮಬದ್ಧ ಶಿಕ್ಷಣ, ಅವನದೇ ಹೆಸರಿನ ಪರವಾನಗಿ, ವಿಮೆ ಇವುಗಳನ್ನು ಒದಗಿಸುವುದು ಮಂಡಳಿಯ ಕನಿಷ್ಠ ಹೊಣೆ. ಆಯುಧವನ್ನು ಇನ್ನೊಬ್ಬರಿಗೆ ಎರವಲಾಗಿ ಕೊಡುವುದನ್ನು ಸಮಂತಭದ್ರಾಚಾರ್ಯರು ಹಿಂಸಾದಾನವೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಹೇಮಚಂದ್ರಾಚಾರ್ಯರು ಶಸ್ತ್ರಗಳ ಮಾರಾಟವನ್ನು ವಿಷವಾಣಿಜ್ಯದ ಸಾಲಿಗೆ ಹಾಕಿದ್ದಾರೆ. ಪರವಾನಗಿದಾರನ ಆಯುಧವನ್ನು ಪರರು ಒಯ್ಯುವುದನ್ನು ಇಂದಿನ ಕಾನೂನೂ ಒಪ್ಪದು.

ಹಾಗಾದರೆ ನಿಜವಾದ ಪ್ರಾಣಭಯವಿರುವ ಗೃಹಸ್ಥನು ಏನು ಮಾಡಬೇಕು? ಮೊದಲು ಅವನು ಭಯದ ಮೂಲವನ್ನು ನೋಡಲಿ. ಅನೇಕ ವೇಳೆ ಕಳ್ಳನು ಬರುವುದು ವ್ಯಕ್ತಿಯ ಬೆನ್ನು ಹತ್ತಿಯಲ್ಲ, ಅವನ ಕೈಚೀಲದ ಬೆನ್ನು ಹತ್ತಿ. ಹಣವನ್ನು ಬ್ಯಾಂಕಿನ ಮೂಲಕವೇ ಸಾಗಿಸುವುದು, ಒಡವೆಯನ್ನು ಭದ್ರತೆಯ ವಾಹನದಲ್ಲಿ ಕಳುಹಿಸುವುದು, ವಿಮೆ ಮಾಡಿಸುವುದು, ಹೋಗುವ ಹೊತ್ತನ್ನೂ ದಾರಿಯನ್ನೂ ಬದಲಿಸುವುದು ಇವೆಲ್ಲ ಪರಿಗ್ರಹಪರಿಮಾಣ ವ್ರತದ ವ್ಯಾವಹಾರಿಕ ರೂಪಗಳು. ಚೀಲವನ್ನು ಬಿಟ್ಟುಕೊಟ್ಟು ಪ್ರಾಣವನ್ನು ಉಳಿಸಿಕೊಳ್ಳುವುದು ಹೇಡಿತನವಲ್ಲ; ಅದರಿಂದ ಉಳಿಯುವುದು ಎರಡು ಪ್ರಾಣಗಳು.

ಇದರ ಮೇಲೂ ಆಯುಧವು ಅನಿವಾರ್ಯವಾದರೆ, ಅದನ್ನು ವ್ರತದ ಶಿಸ್ತಿನಿಂದ ಇಟ್ಟುಕೊಳ್ಳಲಿ. ಅಹಿಂಸಾವ್ರತದ ಐದು ಭಾವನೆಗಳಲ್ಲಿ ಆದಾನನಿಕ್ಷೇಪಣ ಸಮಿತಿಯು ಒಂದು. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಅದರ ಅರ್ಥ. ಮುನಿಗಳು ಕಮಂಡಲುವಿಗೂ ಶಾಸ್ತ್ರಗ್ರಂಥಕ್ಕೂ ಸಲ್ಲಿಸುವ ಈ ಎಚ್ಚರವನ್ನು ಗೃಹಸ್ಥನು ಪಿಸ್ತೂಲಿಗೆ ಸಲ್ಲಿಸದಿರಲಾಗದು. ಬಲ್ಲ ಕುಶಲಕರ್ಮಿಯಿಂದ ಅದನ್ನು ಪರೀಕ್ಷಿಸಿ ಸವೆದ ಸ್ಪ್ರಿಂಗನ್ನು ಬದಲಿಸಬೇಕು. ಪ್ರತಿಯೊಂದು ಮ್ಯಾಗಜೀನನ್ನೂ, ಒಯ್ಯುವ ಬಗೆಯ ಕಾಡತೂಸನ್ನೇ ಬಳಸಿ, ಅಧಿಕೃತ ಅಭ್ಯಾಸದ ಮೈದಾನದಲ್ಲಿ ಹಾರಿಸಿ ನೋಡಬೇಕು. ಸಿಕ್ಕಿಕೊಂಡಾಗ ಬಿಡಿಸುವುದನ್ನು ಕಲಿಯಬೇಕು. ಮನೆಯಲ್ಲಿ ಆಯುಧಕ್ಕೊಂದು ಬೀಗ, ಕಾಡತೂಸಿಗೆ ಬೇರೊಂದು ಬೀಗ ಇರಬೇಕು. ದೇಶಾವಕಾಶಿಕ ವ್ರತದಲ್ಲಿ ದೇಶಕಾಲಗಳಿಗೆ ಮಿತಿಯಿಡುವಂತೆ, ಇಂಥ ದಿನ, ಇಂಥ ದಾರಿಗೆ ಮಾತ್ರ ಒಯ್ಯುವೆನೆಂದು ನಿಯಮ ಮಾಡಿಕೊಳ್ಳಬೇಕು. ಜಿನಾಲಯಕ್ಕೆ, ಮದುವೆಮನೆಗೆ, ಮಕ್ಕಳಿರುವಲ್ಲಿಗೆ ಅದು ಬರಕೂಡದು. ಭಯವು ಕಳೆದ ದಿನ ಪರವಾನಗಿಯನ್ನು ಹಿಂದಿರುಗಿಸುವ ಸಂಕಲ್ಪವೂ ಜೊತೆಗಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆತ್ಮರಕ್ಷಣೆಯಲ್ಲಿ ಅಗತ್ಯಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವ ಹಕ್ಕನ್ನು ಕೊಡುವುದಿಲ್ಲ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ನಿಯಮಗಳನ್ನು ಪಾಲಿಸುವುದು ಕಷ್ಟವೆಂದು ಕೆಲವರಿಗೆ ತೋರಬಹುದು. ಆ ಕಷ್ಟವೇ ಉತ್ತರವನ್ನು ಹೇಳುತ್ತದೆ. ಇವುಗಳನ್ನು ಪಾಲಿಸಲಾರದವನಿಗೆ ಯಾವ ಪಿಸ್ತೂಲೂ ನಂಬತಕ್ಕದ್ದಲ್ಲ. ಇವುಗಳನ್ನು ನಿತ್ಯವೂ ಪಾಲಿಸಬಲ್ಲಷ್ಟು ಎಚ್ಚರವುಳ್ಳವನು, ಆ ಎಚ್ಚರದ ಅರ್ಧದಷ್ಟನ್ನು ತನ್ನ ವ್ಯವಹಾರ, ಮಾತು, ಪರಿಗ್ರಹಗಳ ಮೇಲೆ ಇರಿಸಿದರೆ ಆಯುಧದ ಅಗತ್ಯವೇ ಬಹುಪಾಲು ಕಡಿಮೆಯಾದೀತು. ಸ್ಪ್ರಿಂಗು ಸೋಲುತ್ತದೆ, ಮದ್ದು ತೇವವಾಗುತ್ತದೆ, ಲೋಹ ಸವೆಯುತ್ತದೆ; ಇವು ಪುದ್ಗಲದ ಸ್ವಭಾವಗಳು. ಅಪ್ರಮಾದವು ಜೀವದ ಗುಣ. ಪುದ್ಗಲವನ್ನು ಕೊಳ್ಳುವ ಮೊದಲು ಆ ಗುಣವು ತನ್ನಲ್ಲಿ ಎಷ್ಟಿದೆ ಎಂದು ತೂಗಿ ನೋಡುವುದು ಶ್ರಾವಕನಿಗೆ ಭೂಷಣ.